ಟ್ರಂಕಿನ ತಳದ ಹೆಸರಿಲ್ಲದ ಪೆನ್ನು

ಮಸೂತಿ ಇರಲಿ, ಕೂಡಗಿ, ತೆಲಗಿ, ಗೊಳಸಂಗಿ ಇರಲಿ, ನಮ್ಮ ಬಸವನ ಬಾಗೇವಾಡಿ ಸೀಮೆಯ ಊರುಗಳಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆ ಇಳಿಸಿ ಆರ್‌ಸಿಸಿ ಮನೆ ಕಟ್ಟುವ ಕಾಲ ಇದು. ಮನೆ ಇಳಿಸುವಾಗ ತಾಮ್ರದ ಹಂಡೆಯನ್ನು ಯಾರೂ ಬಿಸಾಡುವುದಿಲ್ಲ. ಸಾಗವಾನಿ ಕಂಬ, ಕೆತ್ತಿದ ಬಾಗಿಲಿಗೆ ಗಿರಾಕಿ ಇದ್ದಾರೆ. ಕೀರ್ದಿ-ಖಾತೆಯ ಹಳೆಯ ವಹಿಗಳು ರದ್ದಿಗೆ ಹೋಗುತ್ತವೆ. ಅದೇ ಟ್ರಂಕಿನ ತಳದಲ್ಲಿ ಮುತ್ಯಾನ ಚಷ್ಮಾದ ಜೊತೆ ಬಿದ್ದಿರುವ ಕಪ್ಪು ಶಾಯಿ ಪೆನ್ನು ಸೀದಾ ತಿಪ್ಪೆಗೆ.

ನಾವು ಈ ಬರಹ ಬರೆಯುತ್ತಿರುವುದು ಆ ಪೆನ್ನಿನ ಸಲುವಾಗಿ.

ಹಳೆಯ ಪೆನ್ನು ಕೂಡಿಹಾಕುವ ಹವ್ಯಾಸಿಗಳು ಜಗತ್ತಿನ ತುಂಬ ಇದ್ದಾರೆ. ಪಾರ್ಕರ್, ಶೆಫರ್, ವಾಟರ್‌ಮನ್ ಎಂದರೆ ಅವರ ಕಣ್ಣು ಅರಳುತ್ತದೆ. ಆದರೆ ಆ ಪೆನ್ನುಗಳ ಚರಿತ್ರೆ ಆಗಲೇ ಪುಸ್ತಕಗಳಲ್ಲಿ ಇದೆ. ಯಾವ ಮಾದರಿ ಯಾವ ವರ್ಷ ಬಂತು, ಕ್ಲಿಪ್ಪು ಯಾವಾಗ ಬದಲಾಯಿತು, ಎಲ್ಲಕ್ಕೂ ಪಟ್ಟಿ ಉಂಟು. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ಕೋಟಿಗಟ್ಟಲೆ ತಯಾರಾಯಿತು. ಇಂದಿಗೂ ಹುಡುಕಿದರೆ ಸಿಗುತ್ತದೆ. ನಮ್ಮ ಟ್ರಂಕಿನ ಪೆನ್ನು ಹಾಗಲ್ಲ. ದಪ್ಪ ಮೈ, ತಿರುವಿ ಮುಚ್ಚುವ ಟೋಪಿ, ತುಕ್ಕು ಹಿಡಿದ ಕ್ಲಿಪ್ಪು. ಹೆಸರು ಸವೆದು ಹೋಗಿರುತ್ತದೆ, ಇಲ್ಲವೇ ಮೊದಲಿಗೇ ಹಾಕಿರುವುದಿಲ್ಲ. ಮಾಡಿದವರು ಯಾರು, ಎಷ್ಟು ಮಾಡಿದರು ಎಂದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ನಮ್ಮನ್ನು ಕೇಳಿದರೆ ನಿಜವಾಗಿ ಅಪರೂಪದ್ದು ಇದೇ.

ಇದಕ್ಕೂ ಮೊದಲು ನಮ್ಮ ಕಡೆ ಬರವಣಿಗೆ ನಡೆದದ್ದು ಟಾಕು-ದೌತಿಯಲ್ಲಿ. ಮರದ ಹಿಡಿಕೆಗೆ ನಿಬ್ಬು ಸಿಕ್ಕಿಸಿ ದೌತಿಯ ಶಾಯಿಯಲ್ಲಿ ಅದ್ದುವುದು, ಎರಡು-ಮೂರು ಶಬ್ದ ಬರೆಯುವುದು, ಮತ್ತೆ ಅದ್ದುವುದು. ದೌತಿ ಉರುಳಿದರೆ ವಹಿಯೂ ಹಾಳು, ಧೋತರವೂ ಹಾಳು. ಶಾಯಿಯನ್ನು ಪೆನ್ನಿನ ಹೊಟ್ಟೆಯಲ್ಲೇ ತುಂಬಿಸುವ ಆಸೆ ಬಹಳ ಹಳೆಯದು. ತೊಡಕು ಇದ್ದದ್ದು ಒಂದೇ: ಶಾಯಿ ಇಳಿಯದೆ ನಿಲ್ಲುತ್ತಿತ್ತು, ಇಲ್ಲವೇ ಗುಳಕ್ಕನೆ ಸುರಿಯುತ್ತಿತ್ತು. ಪೆನ್ನಿನಿಂದ ಒಂದು ಹನಿ ಶಾಯಿ ಹೊರಬರಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಈ ಲೆಕ್ಕಕ್ಕೇ. ನಿಬ್ಬಿನ ಕೆಳಗೆ ನಾಲಿಗೆಯ ಹಾಗೆ ಅಂಟಿಕೊಂಡಿರುವ ಕಪ್ಪು ತುಂಡನ್ನು ನೋಡಿದ್ದೀರಲ್ಲ, ಅದರಲ್ಲಿ ಕೂದಲೆಳೆಯಂಥ ಸೀಳುಗಳಿವೆ. ಶಾಯಿ ಆ ಸೀಳುಗಳನ್ನು ಹಿಡಿದು ಇಳಿಯುತ್ತದೆ, ಗಾಳಿ ಮೇಲೇರುತ್ತದೆ.

ಶಾಯಿ ಮುಗಿಯುವ ಹೊತ್ತಿಗೆ ಪೆನ್ನು ಕಕ್ಕುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಅದಕ್ಕೂ ಕಾರಣ ಗಾಳಿಯೇ. ಹೊಟ್ಟೆ ಖಾಲಿಯಾದಷ್ಟೂ ಒಳಗೆ ಗಾಳಿ ಹೆಚ್ಚು. ಅಂಗೈಯ ಬಿಸಿಗೆ ಅದು ಹಿಗ್ಗಿ, ಉಳಿದ ಶಾಯಿಯನ್ನು ಹೊರಗೆ ತಳ್ಳುತ್ತದೆ. ನಮ್ಮ ಬೇಸಿಗೆಯಲ್ಲಂತೂ ಕೇಳುವುದೇ ಬೇಡ, ಎಷ್ಟು ಅಂಗಿ ಕಿಸೆಗಳು ನೀಲಿಯಾದವೋ.

1956ರವರೆಗೆ ವಿಜಯಪುರ ಜಿಲ್ಲೆ, ಆಗಿನ ಬಿಜಾಪುರ, ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸರ್ಕಾರಿ ಕಾಗದ, ಸಾಲೆಯ ಪುಸ್ತಕ, ಪೇಟೆಯ ಸಾಮಾನು ಎಲ್ಲದರ ಮುಖ ಮುಂಬಯಿ-ಪುಣೆಯ ಕಡೆಗೆ. ಹೋಟಗಿ-ಗದಗ ರೈಲು ಹಳಿ ನಮ್ಮನ್ನು ಸೊಲ್ಲಾಪುರಕ್ಕೆ ಜೋಡಿಸಿತ್ತು. ಪೂರ್ವಕ್ಕೆ ಕಲಬುರಗಿ ನಿಜಾಮರ ರಾಜ್ಯ, ಅಲ್ಲಿಯವರ ಪೇಟೆ ಹೈದರಾಬಾದು. ಆ ಹೈದರಾಬಾದಿನಲ್ಲಿ 1928ರಿಂದ ಡೆಕ್ಕನ್ ಪೆನ್ ಸ್ಟೋರ್ಸ್ ಎಂಬ ಅಂಗಡಿ ಇದೆ. ಪರದೇಶದ ಪೆನ್ನು ಮಾರುವುದರ ಜೊತೆಗೆ ತನ್ನ ಹೆಸರಿನಲ್ಲೂ ಪೆನ್ನು ಮಾಡಿಸಿತು. ಹೀಗಾಗಿ ನಮ್ಮ ಸೀಮೆಯ ಟ್ರಂಕುಗಳಲ್ಲಿ ಎರಡು ದಿಕ್ಕಿನ ಪೆನ್ನು ಸಿಗಲಿಕ್ಕೆ ದಾರಿ ಇತ್ತು.

ಸ್ವದೇಶಿ ಪೆನ್ನಿನ ಮಾತು ಬಂದರೆ ಗೋದಾವರಿ ದಂಡೆಯ ರಾಜಮಂಡ್ರಿಗೆ ಹೋಗಬೇಕು. ಕೆ.ವಿ. ರತ್ನಂ ಅಕ್ಕಸಾಲಿಗ ಕಸುಬಿನವರು. ಗಾಂಧೀಜಿಯ ಸ್ವದೇಶಿ ಕರೆಗೆ ಓಗೊಟ್ಟು 1930ರ ದಶಕದ ಆರಂಭದಲ್ಲಿ ಪೆನ್ನು ಮಾಡಲು ಕೂತರು. ಗಾಂಧೀಜಿ ಅವರ ಪೆನ್ನಿನಲ್ಲಿ ಬರೆದು ನೋಡಿ, ಪೇಟೆಯ ಪರದೇಶಿ ಪೆನ್ನಿಗೆ ಇದು ಒಳ್ಳೆಯ ಬದಲಿ ಎಂದು 1935ರ ಜುಲೈನಲ್ಲಿ ಕಾಗದ ಬರೆದರು. ಬಂಗಾರ ತಿದ್ದುವ ಕೈ ನಿಬ್ಬು ತಿದ್ದಿತು. ಈ ಮಾತು ನೆನಪಿಟ್ಟುಕೊಳ್ಳಿ, ಅಕ್ಕಸಾಲಿಗರ ವಿಷಯ ಮುಂದೆ ಮತ್ತೆ ಬರುತ್ತದೆ.

ಮುಂಬಯಿಯಲ್ಲಿ ದಾಂಡೇಕರ್ ಅವರು 1931ರಲ್ಲಿ ಶಾಯಿ ಪುಡಿ ಮಾಡಲು ತೊಡಗಿದರು. ಅದೇ ಮುಂದೆ ಕ್ಯಾಮೆಲ್ ಶಾಯಿಯಾಗಿ, ಕ್ಯಾಮ್ಲಿನ್ ಕಂಪನಿಯಾಗಿ ಬೆಳೆಯಿತು. ಕಂಪಾಸು ಪೆಟ್ಟಿಗೆಯ ಮೇಲೆ ನೀವು ಓದಿದ ಹೆಸರೇ ಅದು. ತಮಿಳುನಾಡಿನ ಸಾತ್ತೂರಿನಲ್ಲಿ ಮನೆಮನೆಯ ಕಸುಬಾಗಿ ನಿಬ್ಬು ತಯಾರಾಗುತ್ತಿತ್ತು. ಸ್ವಾತಂತ್ರ್ಯದ ನಂತರ ಪರದೇಶದ ಮಾಲಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ ಇಂಥ ಸಣ್ಣ ಕಾರಖಾನೆಗಳಿಗೆ ಸುಗ್ಗಿ. ಮೈ ಒಬ್ಬರದು, ನಿಬ್ಬು ಇನ್ನೊಬ್ಬರದು, ಕ್ಲಿಪ್ಪು ಮತ್ತೊಬ್ಬರದು, ಜೋಡಿಸಿ ಮಾರಿದವರು ಬೇರೆ. ಹೆಸರಿಲ್ಲದ ಪೆನ್ನು ಹುಟ್ಟಿದ್ದು ಹೀಗೆ.

ನಿಮ್ಮ ಕೈಗೆ ಸಿಕ್ಕದ್ದು ಯಾವುದು ಎಂದು ಗುರುತಿಸುವುದು ಕಷ್ಟವಲ್ಲ. ಮೈಯನ್ನು ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಅದು ಎಬೊನೈಟ್. ರಬ್ಬರಿಗೆ ಗಂಧಕ ಹೆಚ್ಚು ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು ಅದು. ಕಡ್ಡಿಯ ರೂಪದಲ್ಲಿ ತಂದು ಚರಕಿಗೆ ಹಚ್ಚಿ ಕೊರೆಯುತ್ತಿದ್ದರು, ಟೋಪಿಯ ಒಳಗೆ ಬೆಳಕು ಬಿಟ್ಟು ನೋಡಿದರೆ ಉಳಿಯ ಸುತ್ತುಗೆರೆ ಕಂಡರೂ ಕಾಣಬಹುದು. ಬಿಸಿಲಿಗೆ ಬಿದ್ದ ಎಬೊನೈಟ್ ಕಪ್ಪು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ, ಅದು ಹೊಲಸಲ್ಲ, ಉಜ್ಜಬೇಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಹಾವಿನ ಮೈಯಂಥ, ಮುತ್ತಿನ ಚಿಪ್ಪಿನಂಥ ಬಣ್ಣದ ಪೆನ್ನುಗಳು ಬಹಳ ಸಲ ಇದರವೇ. ಬೆಂಕಿ ತಾಗಿದರೆ ಭಗ್ ಎನ್ನುತ್ತದೆ, ದೇವರ ಜಗುಲಿಯ ದೀಪದ ಹತ್ತಿರ ಇಡಬೇಡಿ. ಏನೂ ವಾಸನೆ ಇಲ್ಲದಿದ್ದರೆ ಬಹುಶಃ ಆಮೇಲಿನ ಪ್ಲಾಸ್ಟಿಕ್ಕು.

ಮೈಯನ್ನು ತಿರುವಿ ಬಿಚ್ಚಿದಾಗ ಒಳಗೆ ಏನೂ ಇಲ್ಲದೆ ಬರೀ ಪೊಳ್ಳು ಕೊಳವೆ ಕಂಡರೆ ಅದು ಫಿಲ್ಲರಿನಿಂದ ಶಾಯಿ ಹನಿಸುವ ಪೆನ್ನು. ಕೆಡುವ ಭಾಗ ಕಡಿಮೆ ಇರುವುದರಿಂದ ಇದು ಎಷ್ಟೋ ದಶಕದ ಮೇಲೂ ಬರೆಯುತ್ತದೆ. ಗಟ್ಟಿಯಾದ ಶಾಯಿ ಬಿಡಿಸಲು ತಣ್ಣೀರು ಸಾಕು, ನಿಬ್ಬಿನ ಭಾಗವನ್ನಷ್ಟೇ ಒಂದು ರಾತ್ರಿ ನೆನೆಹಾಕಿ. ಬಿಸಿನೀರು ಬೇಡ, ಸ್ಪಿರಿಟ್ಟಂತೂ ಬೇಡವೇ ಬೇಡ.

ಬಾಲ್ ಪೆನ್ನು ಬಂದಾಗ ಅಕ್ಷರ ಕೆಡುತ್ತದೆ ಎಂದು ಮಾಸ್ತರರು ಬೈದರು. ಬೈಗುಳ ಬಹಳ ದಿನ ನಡೆಯಲಿಲ್ಲ. 1980ರ ದಶಕದಲ್ಲಿ ಬಿಳಿ ಮೈ, ನೀಲಿ ಟೋಪಿಯ ರೆನಾಲ್ಡ್ಸ್ ಬಂದಿತು, ಫಿಲ್ಲರಿನ ಕೆಲಸ ಮುಗಿಯಿತು. ಸಾತ್ತೂರಿನ ನಿಬ್ಬಿನ ಕಸುಬೂ ಸೊರಗಿತು.

ಈಗ ಅಕ್ಕಸಾಲಿಗರ ವಿಷಯ. ಹಳೆಯ ಪೆನ್ನಿಗೆ ದೊಡ್ಡ ಕುತ್ತು ತಿಪ್ಪೆ ಒಂದೇ ಅಲ್ಲ. ಕೆಲವು ಪೆನ್ನುಗಳ ನಿಬ್ಬು 14 ಕ್ಯಾರೆಟ್ ಬಂಗಾರದ್ದು, ನಿಬ್ಬಿನ ಮೇಲೆ 14 ಇಲ್ಲವೇ 585 ಎಂಬ ಅಂಕಿ ಒತ್ತಿರುತ್ತದೆ. ಬಂಗಾರದ ದರ ಏರಿದಂತೆ ಇಂಥ ನಿಬ್ಬು ಕಿತ್ತು ಕರಗಿಸುತ್ತಾರೆ. ಸಾಮಾನ್ಯ ನಿಬ್ಬಿನ ತೂಕ ಒಂದು ಗ್ರಾಮಿನ ಒಳಗೇ, ಅದರಲ್ಲೂ ಶುದ್ಧ ಬಂಗಾರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೆ ಒಂದು ಇಡೀ ಪೆನ್ನು ಹೋಯಿತು. ಇನ್ನು ಹಳದಿ ಕಂಡದ್ದೆಲ್ಲ ಬಂಗಾರವೂ ಅಲ್ಲ, ಬಹುಪಾಲು ಉಕ್ಕಿನ ಮೇಲೆ ಗಿಲೀಟು. ರತ್ನಂ ಅವರ ಕಸುಬಿನ ಕುಲುಮೆಯಲ್ಲೇ ಪೆನ್ನಿನ ಕೊನೆಯಾಗುವುದು ನೋಡಿದರೆ ನಮಗೆ ಕಸಿವಿಸಿ.

ಫೋನಿನಲ್ಲಿ ಫೋಟೊ ಹಾಕಿ ಲಕ್ಷ ರೂಪಾಯಿ ಬರುತ್ತದೆ ಎಂದು ಕನಸು ಕಟ್ಟುವವರೂ ಇದ್ದಾರೆ. ಬರುವುದಿಲ್ಲ. ಹೆಸರಿಲ್ಲದ ಎಬೊನೈಟ್ ಪೆನ್ನಿಗೆ ಪೇಟೆಯಲ್ಲಿ ದೊಡ್ಡ ಬೆಲೆ ಇಲ್ಲ. ಅದರ ಬೆಲೆ ಇರುವುದು ಯಾರದು, ಏನು ಬರೆಯಿತು ಎಂಬುದರಲ್ಲಿ. ಆ ಬೆಲೆ ನಿಮ್ಮ ಮನೆಯಲ್ಲಿ ಮಾತ್ರ ಉಳಿಯುವಂಥದ್ದು.

ಇಲ್ಲಿ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಮುಂದೆ ಹೋಗಲಾರೆವು. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಮನೆಮನೆ, ಮಠಮಠ ತಿರುಗಿ ವಚನಗಳ ತಾಳೆಗರಿ ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ಶಿವಾನುಭವ ಪತ್ರಿಕೆ ತಂದರು. ತಾಳೆಗರಿಗೂ ಶಾಯಿ ಪೆನ್ನಿಗೂ ಸಾಟಿ ಇಲ್ಲ, ಒಪ್ಪುತ್ತೇವೆ. ಆದರೆ ಜಗುಲಿಯ ಮೇಲೆ ಪೂಜೆಗಷ್ಟೇ ಇದ್ದ ಕಟ್ಟುಗಳನ್ನು ಬಿಚ್ಚಿ, ಓದಿ, ಕಾಗದಕ್ಕೆ ಇಳಿಸಿದ್ದರಿಂದಲೇ ಅವು ಉಳಿದವು. ಕೂಡಿಹಾಕಿ ಸುಮ್ಮನೆ ಇಟ್ಟಿದ್ದರೆ ಗೆದ್ದಲು ಓದುತ್ತಿತ್ತು.

ಅದಕ್ಕೆ ನಮ್ಮ ಕೋರಿಕೆ ಇಷ್ಟೇ. ಪೆನ್ನು ಸಿಕ್ಕಾಗ ಅದರ ಪಕ್ಕ ಏನಿತ್ತು ನೋಡಿ. ವಹಿ ಇದ್ದರೆ ರದ್ದಿಗೆ ಹಾಕುವ ಮೊದಲು ಫೋಟೊ ತೆಗೆಯಿರಿ. ವಾಶೇಬಲ್ ನೀಲಿ ಶಾಯಿಯಲ್ಲಿ ಬರೆದದ್ದು ನೀರು ತಾಗಿದರೆ ಹೋಗುತ್ತದೆ, ನೀಲಿ-ಕಪ್ಪು ಶಾಯಿಯದು ಹೆಚ್ಚು ಬಾಳುತ್ತದೆ. ಮನೆಯ ಹಿರಿಯರನ್ನು ಕೇಳಿ: ಪೆನ್ನು ಯಾರದು, ಯಾವ ಪೇಟೆಯಿಂದ ಬಂತು, ಮುಲ್ಕಿ ಪರೀಕ್ಷೆ ಪಾಸಾದಾಗ ಕೊಟ್ಟದ್ದೋ, ಮದುವೆಯಲ್ಲಿ ಬಂದದ್ದೋ, ಸೊಸೈಟಿಯ ಲೆಕ್ಕ ಬರೆದದ್ದೋ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಪೆನ್ನಿಗೆ ಸುತ್ತಿಡಿ. ಆಯಿಯನ್ನೂ ಕೇಳಿ, ಶಾಯಿಯ ಅಂಗಿ ಒಗೆದವರು ಅವರು, ಅವರಿಗೆ ಹೆಚ್ಚು ನೆನಪಿರುತ್ತದೆ.

ಕೊನೆಗೆ ನಿಬ್ಬಿನ ತುದಿಯನ್ನು ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಒಬ್ಬರೇ ಬರೆದಿದ್ದರೆ ಅದು ಒಂದು ಬದಿಗೆ ಸವೆದಿರುತ್ತದೆ. ಅವರು ಪೆನ್ನು ಹಿಡಿಯುತ್ತಿದ್ದ ವಾಲು ಅದು. ನೀವು ನೆಟ್ಟಗೆ ಹಿಡಿದು ಬರೆದರೆ ಗೀಚುತ್ತದೆ, ಸ್ವಲ್ಪ ಓರೆ ಮಾಡುತ್ತ ಹೋಗಿ, ಒಂದು ಹಂತದಲ್ಲಿ ಬೆಣ್ಣೆಯ ಹಾಗೆ ಹರಿಯುತ್ತದೆ.