ಹುಲ್ಲಿನ ಮಾಡಿನಿಂದ ಹೆಂಚಿನ ಮಾಡಿಗೆ: ಕರಾವಳಿಯ ಮನೆಗೆಲಸದ ಗುತ್ತಿಗೆ

ಮುಳಿಹುಲ್ಲು, ಅಡಕೆಯ ಸೋಗೆ ಅಥವಾ ತೆಂಗಿನ ಮಡಲುಗಳಿಂದ ಮಾಡು, ಅಂದರೆ ಚಾವಣಿ, ಹೊದಿಸುತ್ತಿದ್ದ ದಕ್ಷಿಣ ಕನ್ನಡದ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಆ ಹೊದಿಕೆಯನ್ನು ಬದಲಿಸುವುದು ವರ್ಷವರ್ಷದ ಕೆಲಸವಾಗಿದ್ದು, ಅದು ಬಹುಮಟ್ಟಿಗೆ ಮನೆಯವರು, ನೆರೆಹೊರೆಯವರು ಮತ್ತು ಒಕ್ಕಲುಗಳ ದುಡಿಮೆಯಿಂದಲೇ ನಡೆಯುತ್ತಿತ್ತು. 1865ರಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಈ ವ್ಯವಸ್ಥೆ ಕ್ರಮೇಣ ಬದಲಾಯಿತು.

ಅಂಚಿನ ತೋಡುಗಳ ಮೂಲಕ ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚುಗಳು ಸರಿಯಾಗಿ ಕೂರಬೇಕಾದರೆ, ಅವುಗಳಿಗೆ ಆಧಾರವಾದ ರೀಪುಗಳ, ಎಂದರೆ ಪಕ್ಕಾಸುಗಳ (ಮಾಡಿನ ಇಳಿಜಾರು ತೊಲೆಗಳ) ಮೇಲೆ ಅಡ್ಡಲಾಗಿ ಹೊಡೆಯುವ ಮರದ ಪಟ್ಟಿಗಳ, ನಡುವಣ ಅಂತರ ಉದ್ದಕ್ಕೂ ಒಂದೇ ಸಮನಿರಬೇಕಿತ್ತು; ಅಂತರ ಹೆಚ್ಚುಕಡಿಮೆಯಾದರೆ ಹೆಂಚು ಕಚ್ಚಿಕೊಳ್ಳದೆ ಮಳೆನೀರು ಒಳಗಿಳಿಯುತ್ತಿತ್ತು. ಹುಲ್ಲಿಗಿಂತ ಭಾರವಾದ ಹೊದಿಕೆಗೆ ಗಟ್ಟಿಯಾದ ಮರದ ಕಟ್ಟೂ ಬೇಕಾಗಿದ್ದುದರಿಂದ ಮನೆಯ ಯಜಮಾನನು ನುರಿತ ಬಡಗಿಯನ್ನೂ, ಗಾರೆ ಕೆಲಸದವರನ್ನು ಕೂಡಿಸಿ ತರುವ ಮೇಸ್ತ್ರಿಯನ್ನೂ ಆಶ್ರಯಿಸಬೇಕಾಯಿತು.

ಇಂಥ ಕೆಲಸವನ್ನು ಒಪ್ಪಿಸುವ ಕ್ರಮಗಳು ಮುಖ್ಯವಾಗಿ ಎರಡು: ದುಡಿದ ದಿನಗಳಿಗೆ ತಕ್ಕಂತೆ ಕೂಲಿ ಕೊಡುವ ದಿನಗೂಲಿ ಮತ್ತು ಇಡೀ ಕೆಲಸಕ್ಕೆ ಮೊದಲೇ ಮೊತ್ತ ಗೊತ್ತುಮಾಡಿ ಮುಂಗಡ ಕೊಡುವ ಗುತ್ತಿಗೆ. ದಿನಗೂಲಿಯಲ್ಲಿ ಕೆಲಸ ಎಳೆದಾಡುವ ನಷ್ಟ ಮನೆಯವನದು. ಗುತ್ತಿಗೆಯಲ್ಲಿ ಆ ನಷ್ಟ ಮೇಸ್ತ್ರಿಯ ಪಾಲಿಗೆ ಬರುವುದಾದರೂ, ಮರ ಮತ್ತು ಸುಣ್ಣದ ಗುಣಮಟ್ಟದಲ್ಲಿ ಉಳಿಸುವ ಆಸೆಗೆ ಅಲ್ಲಿ ಎಡೆಯುಂಟು. ಸಾಮಗ್ರಿಯನ್ನು ಮನೆಯವನೇ ಕೊಂಡು ದುಡಿಮೆಯನ್ನಷ್ಟೇ ಗುತ್ತಿಗೆಗೆ ಕೊಡುವ ಪದ್ಧತಿಯು ಈ ಎರಡು ಆತಂಕಗಳನ್ನೂ ತೂಗಿ ನೋಡಿದ ಜಾಣ್ಮೆಯ ಫಲವಾಗಿದ್ದು, ಇಂದಿಗೂ ಬಳಕೆಯಲ್ಲಿದೆ.