ಗೂಪಿ ಗಾಯೇನ್ ಬಾಘಾ ಬಾಯೇನ್: ಒಂದು ಭೂತಹಾಸ್ಯ ಚಿತ್ರದ ಚರಿತ್ರೆ

ಹಾಸ್ಯರಸಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಎಣಿಸಿರುವನು. ನಗುತ್ತಿರುವವನಿಗೆ ಹೆದರಿಕೆ ಹುಟ್ಟಿದರೆ ನಗೆ ನಿಲ್ಲುವುದು. ಮರುಕ ಹುಟ್ಟಿದರೂ ನಿಲ್ಲುವುದು. ಅನುಭವಕ್ಕೆ ಒಪ್ಪುವ ಮಾತೇ ಸರಿ. ಆದರೆ ಜನರ ಬಾಯಲ್ಲಿ ನಡೆದುಬಂದ ಕಥೆಗಳು ಈ ನಿಯಮವನ್ನು ಅಷ್ಟಾಗಿ ಲಕ್ಷಿಸಿದಂತೆ ತೋರುವುದಿಲ್ಲ. ಲಾಲ್ ಬಿಹಾರಿ ದೇ ಅವರು 1883ರಲ್ಲಿ ಪ್ರಕಟಿಸಿದ ವಂಗದೇಶದ ಕಥೆಗಳ ಸಂಗ್ರಹದಲ್ಲಿ ಕ್ಷೌರಿಕನೊಬ್ಬನು ಭೂತದ ಮುಖಕ್ಕೆ ಕನ್ನಡಿ ಹಿಡಿದು, ಚೀಲದೊಳಗೆ ಇನ್ನೊಂದು ಭೂತವಿದೆಯೆಂದು ಅದನ್ನು ನಂಬಿಸಿ, ಹೆದರಿದ ಆ ಭೂತದಿಂದಲೇ ತನಗೆ ಬೇಕಾದುದನ್ನು ತರಿಸಿಕೊಳ್ಳುವನು. ಅಲ್ಲಿ ಹೆದರುವುದು ಮನುಷ್ಯನಲ್ಲ, ಭೂತ. ಭಯದ ಸ್ಥಾನವು ಹೀಗೆ ಬದಲಾದೊಡನೆ ಹಾಸ್ಯಕ್ಕೆ ಎಡೆ ದೊರೆಯುವುದು. ಕರುಣಕ್ಕೆ ಮಾತ್ರ ಅಲ್ಲಿಯೂ ಎಡೆಯಿಲ್ಲ. ಭೂತ, ಹಾಸ್ಯ, ಕರುಣ ಈ ಮೂರೂ ಒಂದರೊಡನೊಂದು ಹೊಂದಿಕೊಂಡು ನಿಂತ ಕೃತಿಗಳು ವಿರಳ. ಅಂತಹುದೊಂದು ಕೃತಿಯ ಚರಿತ್ರೆಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದೆ. ಅದು ಗ್ರಂಥವಲ್ಲ, ಚಲಚ್ಚಿತ್ರ: ಸತ್ಯಜಿತ್ ರಾಯರು ನಿರ್ದೇಶಿಸಿ 1969ರಲ್ಲಿ ಕಲ್ಕತ್ತೆಯಲ್ಲಿ ತೆರೆಕಂಡ 'ಗೂಪಿ ಗಾಯೇನ್ ಬಾಘಾ ಬಾಯೇನ್'. ಐವತ್ತು ವರ್ಷಗಳಿಗೆ ಮೇಲ್ಪಟ್ಟು ಅದು ವಂಗದೇಶದ ಮನೆಮನೆಯಲ್ಲಿ ಉಳಿದುಬಂದಿರುವುದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮೂಲಕಥೆಯು ಸತ್ಯಜಿತರ ಪಿತಾಮಹರಾದ ಉಪೇಂದ್ರಕಿಶೋರ ರಾಯಚೌಧುರಿಯವರದು. ಅವರು ಚಿತ್ರಕಾರರು, ಸಂಗೀತಜ್ಞರು, ಚಿತ್ರಗಳ ಅಚ್ಚಿನ ಹಾಫ್‌ಟೋನ್ ವಿಧಾನದಲ್ಲಿ ಸ್ವತಂತ್ರವಾಗಿ ಪ್ರಯೋಗಗಳನ್ನು ನಡೆಸಿ ವಿದೇಶದ ವೃತ್ತಿಪತ್ರಿಕೆಗಳಲ್ಲಿಯೂ ಲೇಖನಗಳನ್ನು ಪ್ರಕಟಿಸಿದವರು. 1913ರಲ್ಲಿ ಅವರು ಮಕ್ಕಳಿಗಾಗಿ 'ಸಂದೇಶ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಈ ಕಥೆಯು ಅದರಲ್ಲಿಯೇ 1915ರಲ್ಲಿ ಬಂದಿತು. ಅದೇ ವರ್ಷದ ಕೊನೆಯಲ್ಲಿ ಗ್ರಂಥಕರ್ತರು ತೀರಿಕೊಂಡರು. ಬಂಗಾಳಿಯಲ್ಲಿ ಸಂದೇಶವೆಂದರೆ ಸಮಾಚಾರವೂ ಹೌದು, ಹಾಲಿನ ಒಂದು ಸಿಹಿತಿಂಡಿಯೂ ಹೌದು. ಕಥೆಯಲ್ಲಿ ಸಿಹಿತಿಂಡಿಗೆ ಇರುವ ಮಹತ್ತ್ವವನ್ನು ಮುಂದೆ ಕಾಣುವೆವು. ಪತ್ರಿಕೆಯನ್ನು ಮುಂದುವರಿಸಿದವರು ಮಗನಾದ ಸುಕುಮಾರ ರಾಯರು. ಅಸಂಬದ್ಧ ಪದ್ಯಗಳ ರಚನೆಯಲ್ಲಿ ಅವರಿಗೆ ಸಮಾನರು ಭಾರತೀಯ ಭಾಷೆಗಳಲ್ಲಿ ವಿರಳ. ಅವರು 1923ರಲ್ಲಿ ಅಕಾಲಮರಣಕ್ಕೆ ತುತ್ತಾದಾಗ ಸತ್ಯಜಿತರಿಗೆ ಇನ್ನೂ ಮೂರು ವರ್ಷವೂ ತುಂಬಿರಲಿಲ್ಲ. ಅಜ್ಜನನ್ನಂತೂ ಅವರು ಕಂಡವರೇ ಅಲ್ಲ. ನಿಂತುಹೋಗಿದ್ದ 'ಸಂದೇಶ'ವನ್ನು 1961ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ ಸೇರಿ ಪುನಃ ಹೊರಡಿಸಿದಾಗ ಈ ಕಥೆಯೂ ಅದರಲ್ಲಿ ಮತ್ತೆ ಬೆಳಕು ಕಂಡಿತು. ಮಕ್ಕಳು ನೋಡಬಹುದಾದ ಚಿತ್ರವೊಂದನ್ನು ಮಾಡಬೇಕೆಂದು ಮಗನಾದ ಸಂದೀಪನು ತಂದೆಯನ್ನು ಕೇಳಿದ್ದೂ ಈ ಚಿತ್ರಕ್ಕೆ ಒಂದು ಕಾರಣ. ಹೀಗೆ ನಾಲ್ಕು ತಲೆಮಾರುಗಳ ಸಂಬಂಧ ಈ ಕೃತಿಗೆ ಉಂಟು.

ಕಥಾಸಾರವನ್ನು ಸಂಗ್ರಹವಾಗಿ ಹೇಳಬಹುದು. ಗೂಪಿಯು ಕಿರಾಣಿ ವ್ಯಾಪಾರಿಯ ಮಗ. ಹಾಡುವ ಹುಚ್ಚು ಬಹಳ, ಕಂಠ ಮಾತ್ರ ಇಲ್ಲ. ಊರಿನ ಹಿರಿಯರು ಅವನನ್ನು ಪರಿಹಾಸ್ಯಕ್ಕಾಗಿ ಹುರಿದುಂಬಿಸಿ, ಬೆಳಗಿನ ಜಾವದಲ್ಲಿ ಅರಸನ ಕಿಟಕಿಯ ಕೆಳಗೆ ಹಾಡಿಸುವರು. ಅರಸನು ಎಚ್ಚತ್ತು ಸಿಟ್ಟಾಗಿ ಅವನನ್ನು ಕತ್ತೆಯ ಮೇಲೆ ಕೂರಿಸಿ ಗಡೀಪಾರು ಮಾಡಿಸುವನು. ಕಾಡಿನಲ್ಲಿ ಅವನಿಗೆ ಬಾಘಾ ಎಂಬವನು ದೊರೆಯುವನು. ಇವನೂ ಹೀಗೆಯೇ ಡೋಲು ಬಾರಿಸಿ ಊರು ಕಳೆದುಕೊಂಡವನು. ಗಾಯೇನ್ ಎಂದರೆ ಹಾಡುವವನು, ಬಾಯೇನ್ ಎಂದರೆ ಬಾರಿಸುವವನು. ತಮಗೆ ಬಾರದ ವಿದ್ಯೆಯೇ ಇವರ ಹೆಸರು. ಆ ರಾತ್ರಿ ಭೂತಗಳು ಇವರ ಮುಂದೆ ಕುಣಿಯುವುವು. ಭೂತರಾಜನು ಮೆಚ್ಚಿ ಮೂರು ವರಗಳನ್ನು ಕೊಡುವನು: ಬೇಕೆಂದಾಗ ಅನ್ನವಸ್ತ್ರ, ಬೇಕಾದಲ್ಲಿಗೆ ಒಯ್ಯುವ ಪಾದರಕ್ಷೆ, ಕೇಳಿದವರನ್ನು ಅಲುಗಾಡದಂತೆ ನಿಲ್ಲಿಸುವ ಸಂಗೀತ. ಇಬ್ಬರೂ ಒಬ್ಬರ ಕೈಗೊಬ್ಬರು ಕೈ ತಟ್ಟಿದರಲ್ಲದೆ ವರಗಳು ಫಲಿಸವು. ಮುಂದೆ ಶುಂಡಿ ಮತ್ತು ಹಲ್ಲಾ ಎಂಬ ಎರಡು ರಾಜ್ಯಗಳ ನಡುವೆ ಒದಗುವ ಯುದ್ಧವನ್ನು ಇವರು ತಪ್ಪಿಸುವರು. ಶುಂಡಿಯ ಪ್ರಜೆಗಳು ರೋಗದಿಂದ ಮಾತು ಕಳೆದುಕೊಂಡವರು, ಹೊಲಗದ್ದೆಗಳಲ್ಲಿ ಸುಖಿಗಳು. ಹಲ್ಲಾದ ಅರಸನು ಸ್ವಭಾವದಿಂದ ಸಾಧು, ಮಂತ್ರಿಯೂ ಬರ್ಫಿ ಎಂಬ ಮಾಂತ್ರಿಕನೂ ಕುಡಿಸುವ ಔಷಧದಿಂದ ಕ್ರೂರಿ. ಇಬ್ಬರು ಅರಸರ ಪಾತ್ರವನ್ನೂ ಸಂತೋಷ್ ದತ್ತರೊಬ್ಬರೇ ವಹಿಸಿರುವರು. ಗೂಪಿಯಾಗಿ ತಪೇನ್ ಚಟರ್ಜಿ, ಬಾಘಾ ಆಗಿ ರವಿ ಘೋಷ್. ಮಾಂತ್ರಿಕನ ಪಾತ್ರದಲ್ಲಿ ಹರೀಂದ್ರನಾಥ ಚಟ್ಟೋಪಾಧ್ಯಾಯರು. ಇವರು ಸರೋಜಿನೀ ನಾಯುಡು ಅವರ ಸೋದರರು, ಮಂಗಳೂರಿನ ಕಮಲಾದೇವಿಯವರನ್ನು ವಿವಾಹವಾಗಿದ್ದವರು ಎಂಬುದನ್ನು ನಮ್ಮವರು ನೆನೆಯಬಹುದು.

ಈ ಚಿತ್ರದ ಜೀವಾಳವಿರುವುದು ಭೂತಗಳ ನೃತ್ಯದಲ್ಲಿ. ಅದು ಸುಮಾರು ಆರೂವರೆ ನಿಮಿಷ ನಡೆಯುವುದು. ವಂಗದೇಶದ ವಾಡಿಕೆಯಂತೆ ಭೂತವೆಂದರೆ ಮೊರದಂತಹ ಕಿವಿ, ಮೂಲಂಗಿಯಂತಹ ಹಲ್ಲು. ಸತ್ಯಜಿತರು ಈ ರೂಪಕ್ಕೆ ಒಡಂಬಡಲಿಲ್ಲ. ಭೂತಗಳೆಂದರೆ ಸತ್ತವರಲ್ಲವೆ? ಹಾಗಾದರೆ ಈ ನಾಡಿನಲ್ಲಿ ಬದುಕಿ ಸತ್ತವರು ಯಾರು ಯಾರು? ಹೀಗೆ ಪ್ರಶ್ನಿಸಿಕೊಂಡು ಅವರು ನಾಲ್ಕು ವರ್ಗಗಳನ್ನು ಕಲ್ಪಿಸಿದರು: ಅರಸರು; ರೈತರೇ ಮೊದಲಾದ ಸಾಮಾನ್ಯ ಜನರು; ಕಂಪನಿಯ ಕಾಲದಲ್ಲಿ ಬಂದು ಇಲ್ಲಿಯೇ ಮಣ್ಣಾದ ದೊರೆಗಳು; ವರ್ತಕರು, ಪುರೋಹಿತರು, ಪಾದ್ರಿಗಳು ಮುಂತಾದ ಸ್ಥೂಲಕಾಯರು. ಪ್ರತಿಯೊಂದು ವರ್ಗವೂ ಮೊದಲು ತನ್ನ ಧಾಟಿಯಲ್ಲಿ ಕುಣಿಯುವುದು, ಬಳಿಕ ತನ್ನೊಳಗೇ ಕಾದಾಡಿ ನಾಶಹೊಂದುವುದು. ಕಡೆಗೆ ನಾಲ್ಕೂ ವರ್ಗಗಳು ಗುಡಿಯ ಭಿತ್ತಿಯ ಶಿಲ್ಪಪಂಕ್ತಿಗಳಂತೆ ಒಂದರ ಮೇಲೊಂದು ಸಾಲಾಗಿ ಏಕಕಾಲದಲ್ಲಿ ಕುಣಿಯುವುವು. ಅನೇಕ ಶತಮಾನಗಳ ವಂಗಚರಿತ್ರೆಯನ್ನು ಇಷ್ಟು ಅಲ್ಪಕಾಲದಲ್ಲಿ, ಒಂದು ಮಾತೂ ಇಲ್ಲದೆ, ಮಗುವೂ ನಗುವಂತೆ ಹೇಳಿದ ಬೇರೊಂದು ಉದಾಹರಣೆಯು ಈ ಲೇಖಕನಿಗೆ ತಿಳಿಯದು.

ನೃತ್ಯಕ್ಕೆ ಸತ್ಯಜಿತರು ಸಂಯೋಜಿಸಿದ ವಾದ್ಯಗಳು ನಮಗೆ ವಿಶೇಷವಾಗಿ ಗಮನಾರ್ಹವಾದವು. ಬಂಗಾಳಿ ಭೂತಗಳು ಕುಣಿಯುವುದು ಡೋಲಿಗೂ ಅಲ್ಲ, ತಬಲಕ್ಕೂ ಅಲ್ಲ, ದಕ್ಷಿಣದ ತಾಳವಾದ್ಯಗಳಿಗೆ. ಅರಸರಿಗೆ ಶಾಸ್ತ್ರೀಯ ಗಾಂಭೀರ್ಯವುಳ್ಳ ಮೃದಂಗ. ಸಾಮಾನ್ಯ ಜನರಿಗೆ ಅರೆ ಹಳ್ಳಿಯ ಗುಣವುಳ್ಳ ಖಂಜಿರ. ದೊರೆಗಳಿಗೆ ಬಿಗಿಯಾದ ಕಡಿನುಡಿಯ ಘಟ. ಸ್ಥೂಲಕಾಯರಿಗೆ ಹಾಸ್ಯಧ್ವನಿಯ ಮೋರ್ಸಿಂಗ್. ನಮ್ಮ ಕಚೇರಿಗಳಲ್ಲಿ ತನಿ ಆವರ್ತನವನ್ನು ಕೇಳಿ ಬೆಳೆದವರು ಈ ನಾಲ್ಕು ವಾದ್ಯಗಳಿಗೂ ನಾಲ್ಕು ಸ್ವಭಾವಗಳಿರುವುದನ್ನು ಬಲ್ಲರು. ಆದರೆ ಅವುಗಳಿಗೆ ನಾಲ್ಕು ಜಾತಿಯ ಮನುಷ್ಯರನ್ನು ಹೊಂದಿಸಬಹುದೆಂದು ನಮಗೆ ತೋರಲಿಲ್ಲ. ರಾಗದ ಸೋಂಕಿಲ್ಲದೆ ಬರಿಯ ಲಯದಿಂದಲೇ ಭೂತಗಳನ್ನು ಕುಣಿಸಿದುದು ಉಚಿತವಾಗಿಯೇ ಇದೆ. ದೊರೆಗಳ ಭಾಗವನ್ನು ಮಾತ್ರ ಸೆಕೆಂಡಿಗೆ 16 ಚಿತ್ರಗಳಂತೆ ತೆಗೆದುದರಿಂದ ಅವರ ನಡೆಯು ಕೀಲುಗೊಂಬೆಯ ನಡೆಯಂತೆ ಕಾಣುವುದು.

ಇನ್ನು ವರಗಳ ವಿಚಾರ. ಈ ಚಿತ್ರವನ್ನು ಯುದ್ಧವಿರೋಧಿಯಾದ ಅನ್ಯೋಕ್ತಿಯೆಂದು ಹಲವರು ವ್ಯಾಖ್ಯಾನಿಸುವರು. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನದ ಯುದ್ಧ, ಆ ಕಾಲಕ್ಕೆ ವಿಯಟ್ನಾಮಿನಲ್ಲಿ ನಡೆಯುತ್ತಿದ್ದ ಯುದ್ಧ ಇವು ಅವರ ದೃಷ್ಟಿಯಲ್ಲಿರುವುವು. ಇದು ಅಸಂಗತವಲ್ಲ. ಆದರೆ ಅಷ್ಟೇ ಆಗಿದ್ದರೆ ಆ ಯುದ್ಧಗಳು ಹಳತಾದಂತೆ ಚಿತ್ರವೂ ಹಳತಾಗಬೇಕಾಗಿತ್ತು. ಮೊದಲನೆಯ ವರ ಯಾವುದೆಂಬುದನ್ನು ನೋಡಬೇಕು. ರಾಜ್ಯವಲ್ಲ, ಕೋಶವಲ್ಲ, ಆಯುಷ್ಯವಲ್ಲ. ಹೊಟ್ಟೆಗೆ ಊಟ, ಮೈಗೆ ಬಟ್ಟೆ. ವರ ದೊರೆತೊಡನೆ ಆ ಇಬ್ಬರು ಮಾಡುವ ಮೊದಲ ಕೆಲಸವೆಂದರೆ ಕೈ ತಟ್ಟಿ ಊಟ ತರಿಸಿಕೊಂಡು ಉಣ್ಣುವುದು. ಈ ದೃಶ್ಯವನ್ನು ನೋಡಿದ ಕಲ್ಕತ್ತೆಯ ಜನ ಯಾರು? 1943ರ ಕ್ಷಾಮವನ್ನು ಕಣ್ಣಾರೆ ಕಂಡವರು ಅವರಲ್ಲಿ ಅಸಂಖ್ಯರಿದ್ದರು. ಆ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು 30 ಲಕ್ಷದವರೆಗೆ ಅಂದಾಜು ಮಾಡಿರುವರು. 1959ರಲ್ಲಿಯೂ 1966ರಲ್ಲಿಯೂ ಅಲ್ಲಿಯ ಜನ ಅನ್ನಕ್ಕಾಗಿ ಬೀದಿಗಿಳಿದು ಗುಂಡಿನೇಟು ತಿಂದಿದ್ದರು. ಎರಡನೆಯ ಚಳವಳಿಗೂ ಚಿತ್ರಕ್ಕೂ ಮೂರೇ ವರ್ಷಗಳ ಅಂತರ. ನಾಲ್ಕು ವರ್ಷಗಳ ತರುವಾಯ, 1973ರಲ್ಲಿ, ಸತ್ಯಜಿತರೇ 'ಅಶನಿ ಸಂಕೇತ' ಎಂಬ ಚಿತ್ರದಲ್ಲಿ ಆ ಕ್ಷಾಮವನ್ನು ನೇರವಾಗಿ ಚಿತ್ರಿಸಿದರು. ಅದರಲ್ಲಿ ನಗೆಯಿಲ್ಲ. ಒಂದೇ ಹಸಿವನ್ನು ಒಬ್ಬರೇ ಕಲಾವಿದರು ಎರಡು ಬಗೆಯಾಗಿ ನೋಡಿದ್ದಾರೆಂದು ಈ ಲೇಖಕನ ಅಭಿಪ್ರಾಯ.

ಯುದ್ಧವು ನಿಲ್ಲುವುದೂ ಹಸಿವಿನ ಮೂಲಕವೇ. ಹಲ್ಲಾದ ಮಂತ್ರಿಯು ಪುಷ್ಕಳವಾಗಿ ತಿನ್ನುವನು. ಸೈನಿಕರು ಉಪವಾಸದಿಂದ ಏಳಲಾರರು. ಗೂಪಿ ಬಾಘಾರು ಹಾಡಿ ಕೈ ತಟ್ಟಿದೊಡನೆ ಆಕಾಶದಿಂದ ಸಿಹಿತಿಂಡಿಯ ಮಡಕೆಗಳು ಇಳಿಯುವುವು, ಸೈನಿಕರು ಆಯುಧಗಳನ್ನು ಬಿಸುಟು ಅವುಗಳತ್ತ ನುಗ್ಗುವರು. ಔಷಧದ ಮತ್ತಿನಿಂದ ಬಿಡುಗಡೆಯಾದ ಅರಸನೂ ಶಾಲೆ ಬಿಟ್ಟ ಹುಡುಗನಂತೆ ರಜೆ ರಜೆ ಎಂದು ಕೂಗುತ್ತ ಓಡುವನು. ನಮ್ಮ ಪ್ರಾಚೀನ ಕಾವ್ಯಗಳ ಯುದ್ಧವರ್ಣನೆಯನ್ನು ಪಾಠಹೇಳುವವರಿಗೆ ಇಲ್ಲಿ ಒಂದು ವೈಚಿತ್ರ್ಯವು ಕಾಣದಿರದು. ರಣಭೂಮಿಯಲ್ಲಿ ಪಿಶಾಚಗಳ ಔತಣವೆಂಬುದು ನಮ್ಮಲ್ಲಿ ಬಹುಕಾಲದ ಕವಿಸಮಯ. ರನ್ನನ ದುರ್ಯೋಧನನು ಹೆಣಗಳ ನಡುವೆ ನಡೆದುಹೋಗುವಾಗ ಮರುಳುಗಳು ಅವನನ್ನು ಎದುರುಗೊಂಡು ಹಾಸ್ಯಮಾಡುವುವು. ಮರುಳ್ ಎಂದರೆ ಪಿಶಾಚವೂ ಹೌದು, ಹುಚ್ಚನೂ ಹೌದು ಎಂಬ ಶ್ಲೇಷದಿಂದ ಆ ನಗೆಯು ಇನ್ನೂ ಕಹಿಯಾಗುವುದು. ಅಲ್ಲಿ ಯುದ್ಧ ಮುಗಿದ ಮೇಲೆ ಭೂತಗಳು ಉಣ್ಣುವುವು. ಇಲ್ಲಿ ಯುದ್ಧಕ್ಕೆ ಮೊದಲೇ ಭೂತಗಳು ಉಣಬಡಿಸುವುವು, ಆದಕಾರಣ ಯುದ್ಧವೇ ನಡೆಯುವುದಿಲ್ಲ. ಸತ್ಯಜಿತರು ರನ್ನನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಹಳೆಯ ಸಂಪ್ರದಾಯವು ತಿರುಗುಮುರುಗಾದುದನ್ನು ಸೂಚಿಸಿದೆನಷ್ಟೆ. ತಮ್ಮೊಳಗೆ ಕಾದಾಡಿ ಸತ್ತವರೆಂದು ನೃತ್ಯದಲ್ಲಿ ಕಾಣಿಸಿದ ಭೂತಗಳ ಒಡೆಯನೇ ಕಾದಾಟವನ್ನು ನಿಲ್ಲಿಸುವ ವರವನ್ನು ಕೊಡುವನೆಂಬುದನ್ನು ನೆನೆದರೆ, ವಿಶ್ವನಾಥನು ವಿರೋಧಿಗಳೆಂದ ಮೂರು ರಸಗಳೂ ಒಂದೆಡೆ ಕೂಡಿದ ಬಗೆಯು ಸ್ಪಷ್ಟವಾಗುವುದು.

ಮೂರನೆಯ ವರವೂ ಅಲಂಕಾರಿಕರಿಗೆ ರುಚಿಸತಕ್ಕುದು. ಅಷ್ಟಸಾತ್ತ್ವಿಕಗಳಲ್ಲಿ ಮೊದಲನೆಯದು ಸ್ತಂಭ. ಇವರ ಹಾಡನ್ನು ಕೇಳಿದವರು ಅಕ್ಷರಶಃ ಸ್ತಂಭಿತರಾಗುವರು, ಎತ್ತಿದ ಕೈ ಎತ್ತಿದಂತೆಯೇ ನಿಲ್ಲುವುದು. ಯಾರೂ ಕೇಳಲೊಲ್ಲದೆ ಊರಿನಿಂದ ಅಟ್ಟಿಸಿಕೊಂಡ ಇಬ್ಬರಿಗೆ ಇದಕ್ಕಿಂತ ದೊಡ್ಡ ವರವುಂಟೆ! ಗೂಪಿಗೆ ಕಂಠವನ್ನಿತ್ತವರು ಅನೂಪ್ ಘೋಷಾಲರು; ಹಾಡುಗಳ ಮಾತೂ ಧಾತುವೂ ಸತ್ಯಜಿತರವೇ. ಎಳೆಯರ ಬಾಯಲ್ಲಿ ಚಿತ್ರವನ್ನು ಉಳಿಸಿದ್ದು ಈ ಹಾಡುಗಳು.

ದೋಷಗಳೂ ಇಲ್ಲದಿಲ್ಲ. ಸುಮಾರು ಎರಡು ಗಂಟೆಗಳ ಈ ಚಿತ್ರವು ನಡುವೆ, ಮುಖ್ಯವಾಗಿ ಹಲ್ಲಾದ ಸೆರೆಮನೆಯ ಭಾಗದಲ್ಲಿ, ನಿಧಾನವಾಗುವುದು. ಸ್ತ್ರೀಪಾತ್ರಗಳೆಂಬುವು ಇಲ್ಲವೆಂದರೂ ಸಲ್ಲುವುದು. ಕಡೆಯಲ್ಲಿ ಮದುವೆಗಾಗಿ ಮಾತ್ರ ರಾಜಕುಮಾರಿಯರು ಬರುವರು. ಪೂರ್ತಿಯಾಗಿ ಬಣ್ಣದಲ್ಲಿ ತೆಗೆಯಬೇಕೆಂದಿದ್ದ ಸತ್ಯಜಿತರಿಗೆ ಹಣ ಹಾಕುವವರು ಸುಲಭವಾಗಿ ದೊರೆಯಲಿಲ್ಲ. ಕೊನೆಗೆ ಪೂರ್ಣಿಮಾ ಪಿಕ್ಚರ್ಸ್ ಸಂಸ್ಥೆಯವರು ಮುಂದೆ ಬಂದರು. ಚಿತ್ರವು ಕಪ್ಪುಬಿಳುಪಿನಲ್ಲಿಯೇ ಆಯಿತು, ಅಂತ್ಯದ ದೃಶ್ಯವೊಂದು ಮಾತ್ರ ಬಣ್ಣದಲ್ಲಿ. ಈ ಕೊರತೆಯನ್ನು ನಾನು ದೋಷಗಳಲ್ಲಿ ಸೇರಿಸಲಾರೆ. ಬಣ್ಣವಿದ್ದಿದ್ದರೆ ಭೂತಗಳ ನೃತ್ಯವು ಇಷ್ಟು ತೀಕ್ಷ್ಣವಾಗುತ್ತಿತ್ತೆಂದು ಹೇಳುವುದು ಕಷ್ಟ.

ಸ್ವದೇಶದಲ್ಲಿ ಚಿತ್ರಕ್ಕೆ ದೊರೆತ ಆದರವು ಅಸಾಧಾರಣವಾದುದು. 1968ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವೂ, ಉತ್ತಮ ನಿರ್ದೇಶನದ ಪ್ರಶಸ್ತಿಯೂ ಬಂದುವು. ಕಲ್ಕತ್ತೆಯಲ್ಲಿ ಅನೇಕ ತಿಂಗಳು ಸತತವಾಗಿ ನಡೆಯಿತು. ಪಾಶ್ಚಾತ್ಯ ದೇಶಗಳಲ್ಲಿ ಇಷ್ಟು ಮನ್ನಣೆಯಾಗಲಿಲ್ಲ. ಪಥೇರ್ ಪಾಂಚಾಲಿಯ ನಿರ್ದೇಶಕರಿಂದ ಅಲ್ಲಿಯವರು ಬೇರೆಯದನ್ನು ನಿರೀಕ್ಷಿಸಿದ್ದಿರಬೇಕು. ಇದಲ್ಲದೆ ಪ್ರಾಸದ ಚೇಷ್ಟೆ, ಹೆಸರುಗಳ ವಿನೋದ ಇವು ಭಾಷಾಂತರದಲ್ಲಿ ಸೋರಿಹೋಗುವುವು. ಆದರೂ ಲಾಸ್ ಏಂಜಲೀಸಿನ ಅಕಾಡೆಮಿಯ ಸಂಗ್ರಹಾಲಯವು 2003ರಲ್ಲಿ ಈ ಚಿತ್ರದ ಸಂರಕ್ಷಣೆಯನ್ನು ಕೈಗೊಂಡಿತು. 1980ರಲ್ಲಿ ಸತ್ಯಜಿತರು ಇದೇ ಜೋಡಿಯನ್ನು 'ಹೀರಕ ರಾಜಾರ್ ದೇಶೇ' ಎಂಬ ಚಿತ್ರದಲ್ಲಿ ಮತ್ತೆ ತಂದರು. ಪ್ರಾಸಬದ್ಧವಾದ ಸಂಭಾಷಣೆ, ಪ್ರಜೆಗಳ ತಲೆಯೊಳಗೆ ರಾಜಸ್ತುತಿಯನ್ನು ತುಂಬುವ ಯಂತ್ರ, ಮುಚ್ಚಿಹೋದ ಪಾಠಶಾಲೆ ಇವುಗಳನ್ನು ಕಂಡವರಿಗೆ 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯು ನೆನಪಾಗದೆ ಇರಲಿಲ್ಲ. ಅದು ಇನ್ನೂ ಚುರುಕಾದ ವಿಡಂಬನೆ. ಆದರೆ ಮೊದಲಿನ ಚಿತ್ರದ ಮುಗ್ಧತೆ ಅದರಲ್ಲಿಲ್ಲ. ಮೂರನೆಯದನ್ನು 1992ರಲ್ಲಿ ಸಂದೀಪ ರಾಯರು ನಿರ್ದೇಶಿಸಿದರು. 2013ರಲ್ಲಿ ಶಿಲ್ಪಾ ರಾನಡೆಯವರು ಮೂಲಕಥೆಯನ್ನು ಹಿಂದಿಯಲ್ಲಿ ಚಲಿಸುವ ರೇಖಾಚಿತ್ರವನ್ನಾಗಿ ಮಾಡಿದರು.

ಭೂತರಾಜನ ವಿಷಯದಲ್ಲಿ ಒಂದು ಮಾತು ಉಳಿದಿದೆ. ತೆರೆಯ ಮೇಲೆ ಕಾಣುವ ನಟರು ಬೇರೆ. ವರಗಳನ್ನು ಕೊಡುವ ಆ ಕಂಪಿಸುವ ಧ್ವನಿಯು ಯಂತ್ರದಿಂದ ಮಾರ್ಪಡಿಸಲ್ಪಟ್ಟ ಸತ್ಯಜಿತರ ಸ್ವಂತ ಧ್ವನಿ. ತಾವು ಕಾಣದ ಅಜ್ಜನ ಭೂತಕ್ಕೆ ಮೊಮ್ಮಗನೇ ಮಾತುಕೊಟ್ಟನು.