ವ್ಯಸನಮುಕ್ತಿ ಮತ್ತು ಮನೆಯ ಕಟ್ಟಳೆ (ಜಮಖಂಡಿ ಉಪವಿಭಾಗ)

ಕುಡಿತ ಅಥವಾ ಬೇರೆ ಚಟದಿಂದ ಹೊರಬರುತ್ತಿರುವ ವಯಸ್ಕ ಮಕ್ಕಳ ವಿಷಯದಲ್ಲಿ ಹೆತ್ತವರು ಏನು ಕೊಡುತ್ತೇವೆ, ಏನು ಕೊಡುವುದಿಲ್ಲ, ಏನನ್ನು ಸಹಿಸುವುದಿಲ್ಲ ಎಂದು ಮೊದಲೇ ಹೇಳಿ ಅದರಂತೆ ನಡೆದುಕೊಳ್ಳುವ ಕ್ರಮಕ್ಕೆ ಇಲ್ಲಿ ಮನೆಯ ಕಟ್ಟಳೆ ಎಂದು ಹೆಸರು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನು ಗಮನದಲ್ಲಿಟ್ಟು ಈ ಲೇಖನ ಬರೆಯಲಾಗಿದೆ. ಕಂದಾಯ ಇಲಾಖೆಯ ‘ಹದ್ದುಬಸ್ತು’ ಎಂಬ ಪದಕ್ಕೆ ಎರಡು ಬಳಕೆಗಳಿವೆ. ಸರ್ವೆಯವರ ಬಾಯಲ್ಲಿ ಅದು ಹೊಲವನ್ನು ಅಳೆದು ಗಡಿಕಲ್ಲು ನೆಡುವುದು. ಮನೆಮಾತಿನಲ್ಲಿ ‘ಹದ್ದುಬಸ್ತಿನಲ್ಲಿಡು’ ಎಂದರೆ ಇನ್ನೊಬ್ಬರನ್ನು ಅಂಕೆಯಲ್ಲಿಡುವುದು. ಮನೆಯ ಕಟ್ಟಳೆ ಮೊದಲನೆಯ ಅರ್ಥಕ್ಕೆ ಸೇರಿದ್ದು: ಹೆತ್ತವರು ಅಳೆಯುವುದು ತಮ್ಮ ಹೊಲವನ್ನು, ಮಗನದನ್ನಲ್ಲ.

ಹಿನ್ನೆಲೆ

ಜಮಖಂಡಿ ಮತ್ತು ಮುಧೋಳ ಸ್ವಾತಂತ್ರ್ಯದ ತನಕ ಸಂಸ್ಥಾನಗಳಾಗಿದ್ದವು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಹೀಗಾಗಿ ಈ ಭಾಗ 1949ರ ಮುಂಬಯಿ ಪಾನನಿಷೇಧ ಕಾಯ್ದೆಯನ್ನು ಕಂಡಿದೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಮೇಲೆ ನಿಷೇಧ ಸಡಿಲಗೊಂಡ ಕಾಲವನ್ನೂ ಕಂಡಿದೆ. ಪ್ಯಾಕೆಟ್ ಸಾರಾಯಿಯನ್ನು ರಾಜ್ಯ ಸರ್ಕಾರ 2007ರ ಜುಲೈ 1ರಿಂದ ನಿಷೇಧಿಸಿತು. ಆ ಜಾಗಕ್ಕೆ ಅಗ್ಗದ ವಿಸ್ಕಿಯ 90 ಮಿಲಿಲೀಟರ್ ಪೊಟ್ಟಣ, ಅಂದರೆ ಜನ ಕೇಳಿ ಪಡೆಯುವ ‘ನೈಂಟಿ’ ಬಂತು.

ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಕಬ್ಬು, ರಬಕವಿ-ಬನಹಟ್ಟಿಯ ಮಗ್ಗ, ಆಲಮಟ್ಟಿ ಹಿನ್ನೀರಿನ ಪರಿಹಾರದ ಹಣ: ಇಲ್ಲಿಯ ಮನೆಗಳಿಗೆ ರೊಕ್ಕ ಬರುವ ದಾರಿಗಳು ಬಹುಮಟ್ಟಿಗೆ ಇವು. ಮೂರರ ಸ್ವಭಾವ ಬೇರೆ ಬೇರೆ. ಕಬ್ಬಿನ ಬಿಲ್ಲು ಹಂಗಾಮು ಮುಗಿಯುವ ಹೊತ್ತಿಗೆ ಕಂತುಕಂತಾಗಿ ಅಪ್ಪನ ಖಾತೆಗೆ ಬೀಳುತ್ತದೆ. ಮಗ್ಗದ ಮಜೂರಿ ನೇಯ್ದವನ ಕೈಗೇ ಬರುತ್ತದೆ. ಮುಳುಗಡೆಯ ಪರಿಹಾರ ಒಂದೇ ಗಂಟಾಗಿ ಬರುತ್ತದೆ. ಚಟದ ಮನೆಯಲ್ಲಿ ಯಾರು ಏನನ್ನು ತಡೆಯಬಲ್ಲರು ಎಂಬುದು ಬಹಳಷ್ಟು ಮಟ್ಟಿಗೆ ಈ ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇ 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು ಮಾತ್ರ. ಉಳಿದ 37 ಮಂದಿಯ ಆರೈಕೆ ಮನೆಯವರ ಪಾಲಿನದು.

ಮಹಾಂತ ಜೋಳಿಗೆ

ಈ ಭಾಗದಲ್ಲಿ ಚಟ ಬಿಡಿಸುವ ಪ್ರಯತ್ನದ ಚರಿತ್ರೆ ಆಸ್ಪತ್ರೆಯಿಂದ ಶುರುವಾಗುವುದಿಲ್ಲ, ಮಠದಿಂದ ಶುರುವಾಗುತ್ತದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು (1930–2018) ಹುಟ್ಟಿದ್ದು ಜಮಖಂಡಿ ತಾಲ್ಲೂಕಿನ ಹಿಪ್ಪರಗಿಯಲ್ಲಿ, ಆಗಸ್ಟ್ 1ರಂದು. 1975ರಲ್ಲಿ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ದುಶ್ಚಟಗಳ ಭಿಕ್ಷೆಗೆ ಹೊರಟರು. ಜಂಗಮನ ಜೋಳಿಗೆಗೆ ಜೋಳ, ಹಿಟ್ಟು, ರೊಟ್ಟಿ ಬೀಳುವುದು ವಾಡಿಕೆ. ಇವರು ಬೇಡಿದ್ದು ಬಾಟಲಿ, ಬೀಡಿ, ಗುಟ್ಕಾ ಚೀಟು, ಇಸ್ಪೀಟೆಲೆ. ಹಾಕಿದವರು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡಬೇಕು. ಬಸವಾದಿ ಶರಣರ ಹೆಸರಿನಲ್ಲಿ ನಡೆದ ಈ ಪಾದಯಾತ್ರೆ ಜಾತಿಯ ಓಣಿಗಳನ್ನು ದಾಟಿ ಹೋಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಅವರ ನಂತರ ಜೋಳಿಗೆಯ ಕೆಲಸವನ್ನು ಅದೇ ಮಠದ ಗುರುಮಹಾಂತ ಸ್ವಾಮಿಗಳು ಮುಂದುವರಿಸಿದ್ದಾರೆ.

ಜೋಳಿಗೆಯ ಬಲ ಇದ್ದದ್ದು ಅದರ ಬಹಿರಂಗದಲ್ಲಿ. ಗುರುವೇ ಮನೆಯ ಹೊಸ್ತಿಲಿಗೆ ಬಂದು ನಿಂತಾಗ ಇಲ್ಲ ಎನ್ನುವುದು ಕಷ್ಟ. ಅಕ್ಕಪಕ್ಕದವರು ನೋಡುತ್ತಿರುತ್ತಾರೆ. ಅವ್ವನೋ ಹೆಂಡತಿಯೋ ಒಳಗಿನಿಂದ ಬಚ್ಚಿಟ್ಟ ಬಾಟಲಿಯನ್ನು ತಂದು ಕೊಡುವುದಕ್ಕೂ ಅಲ್ಲಿ ಅವಕಾಶವಿತ್ತು. ವರ್ಷಗಟ್ಟಲೆ ಸೆರಗಿನ ಮರೆಯಲ್ಲಿ ಮುಚ್ಚಿಟ್ಟ ಸಂಗತಿಯನ್ನು ಮನೆಯವರು ಬಾಯಿಬಿಟ್ಟು ಹೇಳದೆಯೇ ಹೊರಹಾಕಬಹುದಾಗಿತ್ತು. ವ್ಯಸನದ ಮನೆಗಳಲ್ಲಿ ಮೊದಲು ಮುರಿಯಬೇಕಾದದ್ದು ಈ ಗುಟ್ಟು ಎಂದು ಇಂದಿನ ಆಪ್ತಸಮಾಲೋಚಕರೂ ಹೇಳುತ್ತಾರೆ.

ಅದರ ಮಿತಿಯೂ ಇಲ್ಲೇ ಇದೆ. ಜೋಳಿಗೆಯಲ್ಲಿ ಮಾತು ಕೊಡುವವನು ಕುಡಿಯುವವನು. ಮಾತು ತಪ್ಪಿದರೆ ಅವನಿಗೆ ಉಳಿಯುವುದು ನಾಚಿಕೆ ಮಾತ್ರ, ಮತ್ತೆ ಕುಡಿಯಲು ನಾಚಿಕೆ ಸಾಕಷ್ಟು ಕಾರಣವಾಗಬಲ್ಲದು. ಅವನು ಎಡವಿದ ಮರುದಿನ ಬೆಳಿಗ್ಗೆ ಅಪ್ಪ-ಅವ್ವ ಏನು ಮಾಡಬೇಕು ಎಂಬುದಕ್ಕೆ ಆಣೆಯಲ್ಲಿ ಉತ್ತರವಿಲ್ಲ. ಮನೆಯ ಕಟ್ಟಳೆ ಬೇಕಾಗುವುದು ಆ ಬೆಳಿಗ್ಗೆಗೆ.

ಶಿಬಿರಗಳು

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಸಾಮಾನ್ಯವಾಗಿ ಎಂಟು ದಿನದವು. ಕಲ್ಯಾಣ ಮಂಟಪವೋ ಸಮುದಾಯ ಭವನವೋ ಶಿಬಿರದ ಜಾಗ. ವ್ಯಾಯಾಮ, ಭಜನೆ, ಸಮಾಲೋಚನೆ, ಮನೆಯವರೊಂದಿಗಿನ ಭೇಟಿ ದಿನಚರಿಯಲ್ಲಿರುತ್ತವೆ. ಮುಗಿಸಿದವರನ್ನು ‘ನವಜೀವನ’ ಸಮಿತಿಗೆ ಸೇರಿಸುತ್ತಾರೆ. ಊರಿನಲ್ಲೇ ಶಿಬಿರ ನಡೆಸುವ ಪದ್ಧತಿಯನ್ನು ತಮಿಳುನಾಡಿನಲ್ಲಿ ಚೆನ್ನೈನ ಟಿಟಿಕೆ ಆಸ್ಪತ್ರೆಯೂ ರೂಢಿಸಿತ್ತು. ಶಿಬಿರದಿಂದ ಮರಳಿದ ಮಗ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಹೆತ್ತವರು ಮೈಮರೆಯುವುದು ಇಲ್ಲಿಯೇ. ಮೊದಲ ಕೆಲವು ತಿಂಗಳು ಮತ್ತೆ ಬೀಳುವ ಸಂಭವ ಹೆಚ್ಚು, ಹಾಗಾಗಿ ಕಟ್ಟಳೆಯನ್ನು ಹೇಳಲು ತಕ್ಕ ಕಾಲವೂ ಅವನು ನೆಟ್ಟಗಿರುವ ಇದೇ ದಿನಗಳು. ಕುಡಿದು ಬಂದ ರಾತ್ರಿ ಹಾಕಿದ ಕಟ್ಟಳೆ ಬೈಗುಳವಾಗುತ್ತದೆ, ಬೆಳಗಾದರೆ ಎರಡೂ ಕಡೆಯವರು ಅದನ್ನು ಮರೆತಿರುತ್ತಾರೆ.

ಕಟ್ಟಳೆಯ ಸ್ವರೂಪ

ಒಳ್ಳೆಯ ಕಟ್ಟಳೆಯ ಕರ್ತೃಪದ ‘ನಾನು’. ‘ನೀ ಕುಡೀಬ್ಯಾಡ’ ಎಂಬುದು ಬೇಡಿಕೆ. ‘ನಿನ್ನ ಉದ್ರಿ ನಾ ತೀರಸೂದಿಲ್ಲ’ ಎಂಬುದು ಕಟ್ಟಳೆ. ಮೊದಲನೆಯದನ್ನು ನಡೆಸುವುದು ಮಗನ ಕೈಯಲ್ಲಿದೆ, ಎರಡನೆಯದು ಅಪ್ಪನ ಕೈಯಲ್ಲಿದೆ. ನಡೆಸಲಾಗದ್ದನ್ನು ಹೇಳಬಾರದು ಎಂಬುದು ಇದರಷ್ಟೇ ಮುಖ್ಯವಾದ ನಿಯಮ. ‘ಮನಿ ಬಿಟ್ಟು ಹೊರಗ ಹಾಕ್ತೇನಿ’ ಎಂದು ಹತ್ತು ಸಲ ಹೇಳಿ ಹತ್ತು ಸಲವೂ ಬಾಗಿಲು ತೆರೆದವರ ಹನ್ನೊಂದನೆಯ ಮಾತಿಗೆ ಬೆಲೆಯಿರುವುದಿಲ್ಲ.

ಹಣ: ಮೊದಲ ಗಡಿಕಲ್ಲು ಬೀಳುವುದು ಇಲ್ಲಿ. ನಗದು ಕೊಡದೆ ವಸ್ತು ಕೊಡುವುದು, ಬೈಕಿಗೆ ಪೆಟ್ರೋಲನ್ನು ತಾವೇ ಹಾಕಿಸುವುದು, ಎಟಿಎಂ ಕಾರ್ಡು ಮತ್ತು ಫೋನ್‌ಪೇ ಪಿನ್ ಹಂಚಿಕೊಳ್ಳದಿರುವುದು ಸಾಮಾನ್ಯ ಕ್ರಮಗಳು. ಅಂಗಡಿಯ ಉದ್ರಿ, ಗೆಳೆಯರ ಕೈಗಡ ತೀರಿಸುವುದಿಲ್ಲವೆಂದು ಮಗನಿಗಷ್ಟೇ ಅಲ್ಲ, ಕೊಡುವವರಿಗೂ ತಿಳಿಸಬೇಕಾಗುತ್ತದೆ. ಜಾಮೀನು ನಿಲ್ಲದ ಹೊರತು ವಯಸ್ಕ ಮಗನ ಸ್ವಂತ ಸಾಲಕ್ಕೆ ತಂದೆತಾಯಿ ಕಾನೂನಿನಂತೆ ಹೊಣೆಯಲ್ಲ. ಆದರೂ ಮರ್ಯಾದೆಗೆ ಅಂಜಿ ತೀರಿಸುವುದೇ ಹೆಚ್ಚು.

ಅನ್ನ: ಹಣ ನಿಂತರೂ ಊಟ ನಿಲ್ಲಬಾರದು ಎಂಬುದು ಈ ಸೀಮೆಯ ತಾಯಂದಿರ ಗಟ್ಟಿ ನಿಲುವು. ‘ಬಾರೋ ತಮ್ಮಾ, ಉಣ್ಣಾಕ ಕೂಡು; ರೊಟ್ಟಿ ಅದಾವ, ಪಲ್ಯೆ ಐತಿ. ರೊಕ್ಕ ಅಷ್ಟ ಕೇಳಬ್ಯಾಡ’ ಎಂಬ ಧಾಟಿಯ ಮಾತಿನಲ್ಲಿ ಮಮತೆಯೂ ಮಿತಿಯೂ ಒಟ್ಟಿಗೆ ಇವೆ. ಅಮೆರಿಕದ ರಾಬರ್ಟ್ ಮೇಯರ್ಸ್ ರೂಪಿಸಿದ ‘ಕ್ರಾಫ್ಟ್’ ಎಂಬ ಕುಟುಂಬ ತರಬೇತಿ ಕ್ರಮವೂ ಹತ್ತಿರ ಹತ್ತಿರ ಇದನ್ನೇ ಹೇಳುತ್ತದೆ: ಕುಡಿಯದ ಹೊತ್ತಿನಲ್ಲಿ ಪ್ರೀತಿಯಿಂದ ಒಡನಾಡಿ, ಕುಡಿದ ಹೊತ್ತಿನಲ್ಲಿ ದೂರ ಸರಿಯಿರಿ, ಕುಡಿತದ ಪರಿಣಾಮ ಅವನಿಗೇ ತಟ್ಟಲಿ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕ್ರಮ ಕಲಿತ ಕುಟುಂಬಗಳ ಪೈಕಿ ಶೇ 64ರಷ್ಟರಲ್ಲಿ ವ್ಯಸನಿ ಚಿಕಿತ್ಸೆಗೆ ಒಪ್ಪಿದ್ದ. ಎಲ್ಲರೂ ಸೇರಿ ಎದುರು ಕೂರಿಸಿ ಒತ್ತಾಯಿಸುವ ಕ್ರಮದಲ್ಲಿ ಈ ಪ್ರಮಾಣ ಶೇ 30 ಇತ್ತು. ಅಲ್-ಅನಾನ್ ಮಾದರಿಯಲ್ಲಿ ಮನೆಯವರು ತಮ್ಮ ನೆಮ್ಮದಿಯನ್ನಷ್ಟೇ ನೋಡಿಕೊಂಡಾಗ ಶೇ 13.

ಮನೆ ಮತ್ತು ಮಗ್ಗ: ರಬಕವಿ-ಬನಹಟ್ಟಿಯ ಎಷ್ಟೋ ಮನೆಗಳಲ್ಲಿ ಮಲಗುವ ಕೋಣೆಗೂ ಮಗ್ಗದ ಖೋಲಿಗೂ ನಡುವೆ ಒಂದೇ ಗೋಡೆ. ಮಗನನ್ನು ಮನೆಯಿಂದ ಕಳಿಸುವುದೆಂದರೆ ದುಡಿಮೆಯಿಂದಲೇ ಕಳಿಸಿದಂತೆ, ಕೆಲಸವಿಲ್ಲದ ಚೇತರಿಕೆ ಬಹಳ ದಿನ ನಿಲ್ಲುವುದಿಲ್ಲ. ಇಂಥಲ್ಲಿ ಹೊತ್ತಿನ ಗಡಿ ಹೆಚ್ಚು ಉಪಯುಕ್ತ: ಕುಡಿದು ಬಂದ ದಿನ ಮಗ್ಗ ಮುಟ್ಟುವಂತಿಲ್ಲ, ಆ ದಿನದ ಮಜೂರಿಯೂ ಇಲ್ಲ. ಇದು ಶಿಕ್ಷೆ ಮಾತ್ರವಲ್ಲ, ಓಡುವ ವಿದ್ಯುತ್ ಮಗ್ಗದ ಮುಂದೆ ಅಮಲಿನಲ್ಲಿ ನಿಂತವನ ಕೈಬೆರಳಿನ ಪ್ರಶ್ನೆಯೂ ಹೌದು. ಮುಳುಗಡೆಯಾದ ಊರಿನವರು ನೆಲೆಸಿದ ಬೀಳಗಿಯ ಪುನರ್ವಸತಿ ಕೇಂದ್ರಗಳಲ್ಲಿ ತೊಡಕು ಬೇರೆ. ಹಳೆಯ ಓಣಿ ಚದುರಿ ಹೋದಲ್ಲಿ, ಹೆತ್ತವರ ಮಾತಿಗೆ ಬೆನ್ನಾಗಿ ನಿಲ್ಲುತ್ತಿದ್ದ ಕಾಕಾ, ದೊಡ್ಡಪ್ಪಂದಿರು ಪಕ್ಕದ ಮನೆಯಲ್ಲಿ ಇಲ್ಲ.

ಮದುವೆ: ‘ಲಗ್ನ ಮಾಡಿದ್ರ ಸುಧಾರಿಸ್ತಾನ’ ಎಂಬ ನಂಬಿಕೆಯ ಹೊರೆ ಕೊನೆಗೆ ಬೀಳುವುದು ಸೊಸೆಯ ತಲೆಯ ಮೇಲೆ. ಕಾಯುವ ಕೆಲಸವನ್ನು ಆಕೆಗೆ ವಹಿಸಿ ತಾವು ಕೈತೊಳೆದುಕೊಳ್ಳುವುದು ಕಟ್ಟಳೆಯಲ್ಲ. ಮಗನಿಗೆ ಹೊರಗಿನ ದಾರಿ ತೋರಿಸುವವರು ಸೊಸೆ-ಮೊಮ್ಮಕ್ಕಳ ನೆಲೆಯನ್ನು ಮೊದಲು ಭದ್ರಪಡಿಸಬೇಕು.

ಹೆಣ್ಣುಮಕ್ಕಳು: ಮಗಳು ವ್ಯಸನಕ್ಕೆ ಸಿಕ್ಕಾಗ ಮನೆಗಳು ಗುಟ್ಟನ್ನು ಇನ್ನೂ ಗಟ್ಟಿಯಾಗಿ ಕಾಯುತ್ತವೆ, ಅದರಿಂದ ಚಿಕಿತ್ಸೆ ತಡವಾಗುತ್ತದೆ. ಕಟ್ಟಳೆಯ ತತ್ವ ಇಬ್ಬರಿಗೂ ಒಂದೇ.

ವೈದ್ಯಕೀಯ ಎಚ್ಚರ

ದಿನವೂ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸುವುದು ಜೀವಕ್ಕೆ ಅಪಾಯ. ಮೊದಲ ದಿನವೇ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್. ಎರಡು-ಮೂರು ದಿನಕ್ಕೆ ಸನ್ನಿ ಬರಬಹುದು. ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿಮಾಡಿ ಚಹಾದಲ್ಲೋ ಸಾರಿನಲ್ಲೋ ಗುಟ್ಟಾಗಿ ಬೆರೆಸುವ ರೂಢಿಯಂತೂ ಇನ್ನೂ ಕೆಟ್ಟದ್ದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯಬಹುದು. ಆ ಮಾತ್ರೆ ತಿಳಿದು ಒಪ್ಪಿದವನಿಗೆ ಮಾತ್ರ, ವೈದ್ಯರ ನಿಗಾದಲ್ಲಿ ಮಾತ್ರ.

ತಾಲ್ಲೂಕು ಆಸ್ಪತ್ರೆಗಳ ‘ಮನೋಚೈತನ್ಯ’ ಮಂಗಳವಾರ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸರ್ಕಾರಿ ನೆಲೆಗಳು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ (14416) ಮತ್ತು ವ್ಯಸನಮುಕ್ತಿ ಸಹಾಯವಾಣಿ (14446) ಹೆತ್ತವರ ಕರೆಗೂ ಉತ್ತರಿಸುತ್ತವೆ.

ಕಾನೂನು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಸರಪಳಿ ಹಾಕುವುದನ್ನು ಅದು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದ ದಾಖಲಾತಿಗೆ ತಜ್ಞರ ತಪಾಸಣೆಯಂಥ ಷರತ್ತುಗಳಿವೆ, ಮೊದಲ ಹಂತದ ಅವಧಿ ಹೆಚ್ಚೆಂದರೆ 30 ದಿನ.

ಕೈಮಾಡುವ ಮಗನ ವಿರುದ್ಧ ತಾಯಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾ ಆದೇಶ ಪಡೆಯಬಹುದು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯದು, ಈ ತಾಲ್ಲೂಕುಗಳಿಗೆ ಅದು ಜಮಖಂಡಿಯಲ್ಲಿದೆ. ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ ದಾನಪತ್ರ ಬರೆದುಕೊಟ್ಟ ಆಸ್ತಿಯನ್ನು, ಆರೈಕೆ ತಪ್ಪಿದಾಗ ರದ್ದುಪಡಿಸಲು ಅದರ 23ನೇ ಕಲಮು ಅವಕಾಶ ಕೊಡುತ್ತದೆ. ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಜಾಣತನ. ಸ್ವಯಾರ್ಜಿತ ಹೊಲ-ಮನೆ ತಂದೆಯ ಇಷ್ಟ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲಿದೆ, 2005ರ ತಿದ್ದುಪಡಿಯ ಬಳಿಕ ಮಗಳಿಗೂ ಇದೆ. ‘ಒಂದು ಗುಂಟೆ ಕೊಡೂದಿಲ್ಲ’ ಎಂಬ ಬೆದರಿಕೆ ಪಿತ್ರಾರ್ಜಿತ ಹೊಲದ ಮಟ್ಟಿಗೆ ಪೊಳ್ಳು, ಅದು ಮಗನಿಗೂ ಗೊತ್ತಿರುತ್ತದೆ.

ಮೌಲ್ಯಮಾಪನ

ಕಟ್ಟಳೆಯಿಂದಲೇ ಕುಡಿತ ನಿಲ್ಲುತ್ತದೆ ಎನ್ನಲಾಗದು. ಚಟ ಕಾಯಿಲೆ, ಅದಕ್ಕೆ ಔಷಧಿ, ಸಮಾಲೋಚನೆ, ಸಂಗಾತ ಬೇಕು. ಕಟ್ಟಳೆ ಉಳಿಸುವುದು ಬಹುಶಃ ಹೆತ್ತವರ ನಿದ್ದೆಯನ್ನು, ತಿಜೋರಿಯನ್ನು, ಮತ್ತು ಮಗ ಮರಳಿ ಬಂದಾಗ ಅವನಿಗೆ ಉಣಬಡಿಸುವ ಮನಸ್ಸನ್ನು. ಎಡವಿದ ಒಂದು ದಿನವನ್ನು ಪೂರ್ತಿ ಸೋಲೆಂದು ಬಗೆಯದೆ, ಅದೇ ಕಟ್ಟಳೆಯನ್ನು ಮರುದಿನವೂ ದನಿ ಏರಿಸದೆ ನಡೆಸಿದ ಮನೆಗಳಲ್ಲಿ ಅದು ನಿಂತಿದೆ. ಹಿಪ್ಪರಗಿಯಲ್ಲಿ ಹುಟ್ಟಿದ ಸ್ವಾಮಿಗಳು ಜೋಳಿಗೆ ಹಿಡಿದು ಮಗನಿಂದ ಬೇಡಿದ್ದು ಒಂದು ಮಾತನ್ನು. ಮನೆಯ ಕಟ್ಟಳೆ ಅಂಥದೇ ಒಂದು ಮಾತನ್ನು ಅಪ್ಪ-ಅವ್ವನಿಂದಲೂ ಬೇಡುತ್ತದೆ.